ಒಲ್ಲೆ ಎನ್ನಬಾರದ ಕಾಲು

ಅವರು ತೀರಿಕೊಂಡರೆಂದು ಹಳೆಯ ಓಣಿಯ ಗಂಗಮ್ಮ ಫೋನು ಮಾಡಿದಾಗ ನಾನು ಬಸ್ಸಿನಲ್ಲಿದ್ದೆ. ಪಕ್ಕದಲ್ಲಿ ಕೂತವರಿಗೆ ಕೇಳಿಸಬಾರದೆಂದು ‘ಹೌದಾ, ಯಾವಾಗ’ ಎಂದಷ್ಟೇ ಕೇಳಿ ಇಟ್ಟುಬಿಟ್ಟೆ. ಆಮೇಲೆ ದಾರಿಯುದ್ದಕ್ಕೂ ಅವರ ಅಂಗೈ ನೆನಪಾಗುತ್ತಿತ್ತು. ಯಾರನ್ನೇ ಮುಟ್ಟುವ ಮುಂಚೆ ಅವರು ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ಒರೆಸಿ, ನೋಡಿಕೊಂಡು, ಮತ್ತೆ ಒರೆಸುತ್ತಿದ್ದರು. ಶುಚಿಯ ಅಭ್ಯಾಸವಿರಬೇಕು ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಅದು ಬೆವರು. ಚಳಿಗಾಲದಲ್ಲೂ ಅವರ ಅಂಗೈ ಬೆವರುತ್ತಿತ್ತು. ಅಷ್ಟು ಹೆದರಿಕೊಂಡಿರುತ್ತಿದ್ದರು.

ಅವರ ಹೆಸರನ್ನು ಬರೆಯುವುದಿಲ್ಲ. ಬಾಗಿಲಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ, ಕರೆದವರು ಯಾವ ಊರಿನವರು ಎಂದು ಒಳಗಿನಿಂದಲೇ ಕೇಳಿಕೊಂಡು ಆಮೇಲೆ ಹೊರಗೆ ಬರುತ್ತಿದ್ದ ಜೀವ ಅದು. ರಾಯದುರ್ಗದ ನಮ್ಮ ಓಣಿಯಲ್ಲಿ ಎಲ್ಲರೂ ಅವರನ್ನು ಎದುರುಗಾಲಕ್ಕ ಎನ್ನುತ್ತಿದ್ದರು. ತಲೆ ಮುಂದಾಗಿ ಬರಬೇಕಾದ ಕೂಸು ಕಾಲು ಮುಂದಾಗಿ ಬಂದರೆ ಅದು ಎದುರುಗಾಲಿನ ಕೂಸು. ಅಂಥವರ ಎಡಗಾಲು ಬೆನ್ನಿಗೆ ಮೂರು ಸಲ ತಾಗಿದರೆ ಹಿಡಿದ ಸೊಂಟ ಬಿಡುತ್ತದೆ, ಉಳುಕು ಇಳಿಯುತ್ತದೆ ಎಂದು ಆ ಕಡೆಯವರೂ ನಂಬುತ್ತಾರೆ, ನಮ್ಮ ಮಡಕಶಿರದ ಕಡೆಯವರೂ ನಂಬುತ್ತಾರೆ. ಅದಕ್ಕೆ ಕೆಲವು ಕಟ್ಟುಗಳಿವೆ. ಗುರುವಾರ ಇಲ್ಲವೇ ಭಾನುವಾರ ಬರಬೇಕು. ಎಲೆ ಅಡಿಕೆ ತರಬಹುದು, ದುಡ್ಡು ಕೊಡಬಾರದು. ಹೋಗುವಾಗ ಹಿಂತಿರುಗಿ ನೋಡಬಾರದು. ಎಲ್ಲಕ್ಕಿಂತ ದೊಡ್ಡ ಕಟ್ಟು ಎದುರುಗಾಲಿನವರ ಮೇಲೆಯೇ ಇರುತ್ತದೆ: ನೋವು ಹೊತ್ತು ಬಂದವರಿಗೆ ಅವರು ಒಲ್ಲೆ ಎನ್ನಬಾರದು. ಎಂದರೆ ಆ ನೋವು ಬಂದವರ ಜೊತೆ ವಾಪಸು ಹೋಗದೆ ಒಲ್ಲೆ ಎಂದವರ ಮನೆಯಲ್ಲೇ ಉಳಿದುಬಿಡುತ್ತದೆ.

ನಾನು ಅನಂತಪುರದಲ್ಲಿ ಎಂ.ಎಸ್ಸಿ. ಮುಗಿಸಿ, ರಾಯದುರ್ಗದ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಲು ಸೇರಿದಾಗ ಅವರ ಗೋಡೆಗೆ ಅಂಟಿದ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಅವರಿಗೆ ಐವತ್ತು ದಾಟಿತ್ತು. ಗಂಡ ತೀರಿಹೋಗಿದ್ದ. ಒಬ್ಬಳೇ ಮಗಳು ಬೆಂಗಳೂರಿನ ಗಾರ್ಮೆಂಟಿನಲ್ಲಿದ್ದಳು. ರಾಯದುರ್ಗವೆಂದರೆ ಆಗ ಜೀನ್ಸು. ಸಂದಿಗೊಂದು ಗೊಂದಿಗೊಂದು ಹೊಲಿಯುವ ಯೂನಿಟ್ಟು, ಬೆಳಗಿನಿಂದ ಮಿಷನ್ನುಗಳ ಗುರ್ರೆನ್ನುವ ಸದ್ದು. ಇವರೂ ಒಂದು ಯೂನಿಟ್ಟಿನಲ್ಲಿ ದಾರ ಕತ್ತರಿಸುವ ಕೆಲಸ ಮಾಡುತ್ತಿದ್ದರು. ಹೊಲಿದು ಬಿದ್ದ ಪ್ಯಾಂಟುಗಳ ಗುಡ್ಡದ ಮುಂದೆ ಕೂತು, ಉಳಿದ ದಾರದ ತುದಿಗಳನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ ಎಸೆಯುವುದು. ಬಟ್ಟೆಯ ಬಣ್ಣ ಬೆರಳಿಗೆ ಹತ್ತಿ ಅವರ ಉಗುರುಗಳು ಯಾವಾಗಲೂ ನೀಲಿ. ಅವರ ಹತ್ತಿರ ಬಂದುಹೋದ ಹೆಂಗಸರ ರವಿಕೆಯ ಬೆನ್ನಿನ ಮೇಲೆ ಕೆಲವು ಸಲ ಮಸುಕಾದ ನೀಲಿ ಗುರುತುಗಳು ಇರುತ್ತಿದ್ದವು. ಯಾರು ಯಾರಿಗೆ ಸೊಂಟ ಹಿಡಿದಿದೆ ಎಂದು ನಲ್ಲಿಯ ಹತ್ತಿರ ನಿಂತರೆ ತಿಳಿದುಬಿಡುತ್ತಿತ್ತು.

ಕಾಲಿನ ಕೆಲಸ ಬೇಗ ಮುಗಿಯುತ್ತಿತ್ತು. ಬಂದವರು ಹೊಸ್ತಿಲ ಕಡೆ ತಲೆ ಮಾಡಿ ಬೋರಲು ಮಲಗುತ್ತಿದ್ದರು. ಇವರು ಗೋಡೆ ಹಿಡಿದು ನಿಂತು ಎಡಗಾಲಿನ ಹೆಬ್ಬೆರಳನ್ನಷ್ಟೇ, ಕಾದ ಹಂಚಿಗೆ ತಾಗಿಸುವವರ ಹಾಗೆ, ತಾಗಿಸಿ ತೆಗೆಯುತ್ತಿದ್ದರು. ಬಂದವರು ಆಗ ಎದ್ದು ಹೋಗಬೇಕು. ಆದರೆ ಇವರು ಬಿಡುತ್ತಿರಲಿಲ್ಲ. ‘ಒಂದೀಟು ಕೂಡ್ರಿ’ ಎನ್ನುತ್ತಿದ್ದರು. ಕೂತವರ ಹಿಂದೆ ಮಂಡಿಯೂರಿ, ಅಂಗೈ ಒರೆಸಿಕೊಂಡು, ಕತ್ತಿನ ಬುಡದಲ್ಲಿ ಕೈ ಇಟ್ಟು ಸುಮ್ಮನೆ ಕಾಯುತ್ತಿದ್ದರು. ಉಜ್ಜುವುದಿಲ್ಲ, ಹಿಸುಕುವುದಿಲ್ಲ, ನೆಟಿಗೆ ಮುರಿಯುವುದಿಲ್ಲ. ಆ ಜಾಗ ಬೆಚ್ಚಗಾದ ಮೇಲೆ ಹೆಬ್ಬೆರಳು ಮೆಲ್ಲಗೆ ಭುಜದ ಮೂಳೆಯ ಅಂಚಿಗೆ ಹೋಗುತ್ತಿತ್ತು. ಅಲ್ಲಿಂದ ಬೆನ್ನುಮೂಳೆಯ ಪಕ್ಕಕ್ಕೆ, ಅಲ್ಲಿಂದ ಇಳಿದು ಸೊಂಟಕ್ಕೆ. ದಪ್ಪ ಜೀನ್ಸು ಬಟ್ಟೆಯನ್ನು ದಿನವಿಡೀ ಮಿಷನ್ನಿನ ಕೆಳಗೆ ಎಳೆದು ಎಳೆದು ಕಲ್ಲಾದ ಭುಜಗಳು ಅವರ ಕೈಕೆಳಗೆ ಇಳಿಯುವುದನ್ನು ನಾನು ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ಕೆಲವರು ಕೂತಲ್ಲೇ ತೂಕಡಿಸುತ್ತಿದ್ದರು. ಇನ್ನಷ್ಟು ಗಟ್ಟಿಯಾಗಿ ಒತ್ತು ಎಂದು ಯಾರಾದರೂ ಕೇಳಿದರೆ ಅವರದು ಒಂದೇ ಉತ್ತರ. ನೋವನ್ನು ಗದರಿಸಿದರೆ ಅದು ಒಳಗೆ ಹೋಗಿ ಕೂರುತ್ತದೆ, ಮೆತ್ತಗೆ ಕರೆದರೆ ತಾನೇ ಎದ್ದು ಬರುತ್ತದೆ.

ಗಂಡಸರಿಗೆ ಕಾಲು ಮಾತ್ರ, ಕೈ ಇಲ್ಲ. ಅವರು ಕಟ್ಟಿನಂತೆ ಹಿಂತಿರುಗಿ ನೋಡದೆ ಹೋಗುತ್ತಿದ್ದರು.

ಮೂರನೇ ಮನೆಯ ಗಂಗಮ್ಮ ಬಟ್ಟೆಯಂಚು ಹೊಲಿಯುವ ಓವರ್‌ಲಾಕ್ ಮಿಷನ್ನಿನವಳು, ಬಾಯಿ ಜೋರು. ಅವಳ ಸೊಂಟವನ್ನು ಇವರು ಎಷ್ಟೋ ಸಲ ಬಿಡಿಸಿದ್ದರು. ‘ಎಕ್ಕಾ, ತುಳದು ತುಳದು ನಿನ್ನ ಎಡಗಾಲು ಸವದೈತಿ ನೋಡು, ಒಂದು ಇನ್ಶೂರೆನ್ಸ್ ಮಾಡ್ಸು’ ಎಂದು ಅವಳು ರೇಗಿಸುವಳು. ಓಣಿಯೆಲ್ಲ ನಗುತ್ತಿತ್ತು. ಇವರು ಮಾತ್ರ ಕಾಲನ್ನು ಸೀರೆಯ ಅಂಚಿನ ಒಳಗೆ ಎಳೆದುಕೊಳ್ಳುತ್ತಿದ್ದರು.

ಅವರಿಗೆ ಹೆದರಿಕೆ ಎಂಥದೆಂದರೆ, ಯಾರಿಗೆ ಗುಣವಾದರೂ ಹೆದರುತ್ತಿದ್ದರು. ಭಾನುವಾರ ಕಾಲು ತಾಗಿಸಿಕೊಂಡು ಹೋದವರು ಸೋಮವಾರ ಬೆಳಗ್ಗೆ ನಲ್ಲಿಗೆ ಬರುವುದನ್ನು ಬಾಗಿಲ ಸಂದಿಯಿಂದ ಕಾಯುತ್ತಿದ್ದರು. ಬಿಂದಿಗೆ ಎತ್ತುವಾಗ ಆ ಹೆಂಗಸು ಸೊಂಟಕ್ಕೆ ಕೈ ಕೊಟ್ಟಳೋ ಇಲ್ಲವೋ ನೋಡಿ ಒಳಗೆ ಹೋಗುತ್ತಿದ್ದರು. ಒಮ್ಮೆ ಹೀಗೆ ಬಂದುಹೋದವಳೊಬ್ಬಳು ಮರುದಿನವೂ ಅದರ ಮರುದಿನವೂ ಕೆಲಸಕ್ಕೆ ಬರಲಿಲ್ಲ. ಇವರ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಗೋಡೆಯ ಆಚೆ ಪಾತ್ರೆಯ ಸದ್ದೇ ಇಲ್ಲದ್ದನ್ನು ಗಮನಿಸಿ ನಾನು ಹೋಗಿ ಕೇಳಿದರೆ, ಮೂಲೆಯಲ್ಲಿ ಕೂತು, ಆಕೆಗೆ ಏನೋ ಆಗಿದೆ, ತನ್ನಿಂದಲೇ ಆಗಿದೆ ಎಂದರು. ಆಕೆ ಮಗಳ ಮನೆಗೆ ಹೋಗಿದ್ದಳು ಅಷ್ಟೆ. ಬೊಮ್ಮನಹಾಳದ ಕಡೆಯಿಂದ, ಕಾಲುವೆ ಗದ್ದೆಗಳಲ್ಲಿ ನಾಟಿ ಮಾಡಿ ಬೆನ್ನು ಹಿಡಿಸಿಕೊಂಡವರು ಬಂದರಂತೂ ತಲೆಯ ಮೇಲೆ ಸೆರಗು ಎಳೆದು, ಮಾತಾಡದೆ ಕಾಲು ತಾಗಿಸಿ ಒಳಗೆ ಹೋಗಿಬಿಡುತ್ತಿದ್ದರು. ಅದು ಅವರ ತವರಿನ ಸೀಮೆ. ತವರಿನವರನ್ನು ಕಂಡರೆ ಹೆಂಗಸರು ಅರಳುತ್ತಾರೆ, ಇವರೇಕೆ ಹೀಗೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ. ಕೇಳುವ ಸ್ವಭಾವ ನನ್ನದಲ್ಲ.

ನನ್ನನ್ನು ಅವರು ಎಂದೂ ಮುಟ್ಟಲಿಲ್ಲ. ಬೇರೆಯವರು ಮೈ ಮುಟ್ಟಿದರೆ ನನಗೆ ಆಗುವುದಿಲ್ಲ. ಯಾರಿಗೂ ಹೇಳಿಕೊಳ್ಳದ ಈ ಸಂಗತಿ ಅವರಿಗೆ ಹೇಗೋ ತಿಳಿದಿತ್ತು. ಒಂದು ಸಂಜೆ ನಾನು ಉತ್ತರ ಪತ್ರಿಕೆಗಳನ್ನು ತಿದ್ದಿ ಕತ್ತು ತಿರುಗಿಸಲಾರದೆ ಕೂತಿದ್ದಾಗ ಎದುರಿಗೆ ಬಂದು ಕೂತರು. ‘ಬ್ಯಾರೆಯವ್ರ ಕೈ ಬ್ಯಾಡಂದ್ರ ನಿಮ್ಮ ಕೈ ಐತಲ್ರಿ ಮೇಡಮ್ಮ’ ಎಂದು, ತಮ್ಮದೇ ಭುಜದ ಮೇಲೆ ಕೈಯಿಟ್ಟು ತೋರಿಸಿದರು. ಅವರು ಮಾಡಿದಂತೆ ನಾನು ಮಾಡಿದೆ. ಇಬ್ಬರೂ ಹೆಗಲ ಮೇಲೆ ನಮ್ಮ ನಮ್ಮ ಕೈ ಇಟ್ಟುಕೊಂಡು, ಓಣಿ ನೋಡುತ್ತಾ ಕೂತಿದ್ದೆವು.

ಆ ವರ್ಷ ನನ್ನ ಅಮ್ಮನ ಸೊಂಟ ಹಿಡಿಯಿತು. ಅಮ್ಮ ಹಿಂದೂಪುರದ ಕಡೆಯ ಒಂದು ಗಾರ್ಮೆಂಟಿಗೆ ಹೋಗುತ್ತಿದ್ದಳು. ರೊಳ್ಳದ ಹತ್ತಿರದ ನಮ್ಮ ಊರಿನಿಂದ ಕಂಪನಿಯ ವ್ಯಾನು, ನಸುಕಿನಲ್ಲಿ ಹೋದರೆ ಕತ್ತಲಾದ ಮೇಲೆ ಮನೆ. ಮೊದಲು ಸೊಂಟ ಎಂದಳು, ಆಮೇಲೆ ತೊಡೆ ಎಂದಳು, ಆಮೇಲೆ ಮೀನಖಂಡ ಎಂದಳು. ನೋವು ಮೇಲಿನಿಂದ ಕೆಳಗೆ ಇಳಿಯುತ್ತಿದ್ದುದನ್ನು ನಾನು ಫೋನಿನಲ್ಲಿ ಕೇಳುತ್ತಿದ್ದೆ. ಮುಲಾಮು ಹಚ್ಚಿದಾಗ ಹಗುರಾಯಿತು ಎಂದಳು. ಬೆಲ್ಟು ಕಟ್ಟಿದಾಗಲೂ, ಬೆಟ್ಟದ ದೇವರಿಗೆ ಮುಡಿಪು ಕಟ್ಟಿದಾಗಲೂ ಹಗುರಾಯಿತು ಎಂದಳು. ಆಸ್ಪತ್ರೆಯ ಮಾತು ಬಂದಾಗಲೆಲ್ಲ ಅವಳಿಗೆ ಹಗುರವಾಗುತ್ತಿತ್ತು. ಊರಿನಲ್ಲಿ ಒಬ್ಬರು ಬೆನ್ನಿನ ಆಪರೇಷನ್ ಮಾಡಿಸಿಕೊಂಡು ಮತ್ತೆ ಏಳಲೇ ಇಲ್ಲ. ಅದು ಅವಳ ತಲೆಯಲ್ಲಿ ಕೂತಿತ್ತು.

ಒಂದು ದಿನ ನಗುತ್ತಾ ಒಂದು ಸಂಗತಿ ಹೇಳಿದಳು. ‘ವ್ಯಾನ್ ತಾವ ಹೋಗಿ ನೋಡ್ತೀನಿ, ಒಂದು ಕಾಲಾಗೆ ಚಪ್ಲಿನೇ ಇಲ್ಲ ಕಣಮ್ಮ. ಎಲ್ಲೋ ದಾರೀಲಿ ಬಿದ್ದೋಗೈತೆ. ಅಷ್ಟು ದೂರ ಬರಿಗಾಲಲ್ಲಿ ನಡ್ಕಂಡ್ ಬಂದಿವ್ನಿ, ಗೊತ್ತೇ ಆಗಿಲ್ಲ ನೋಡು!’

ವ್ಯಾನಿನವರೆಲ್ಲ ನಕ್ಕರಂತೆ. ಆ ದಾರಿ ಎಂಥದೆಂದು ನನಗೆ ಗೊತ್ತು. ಜಲ್ಲಿ, ಜಾಲಿ ಮುಳ್ಳು.

ಮರುದಿನವೇ ಊರಿಗೆ ಹೋಗಿ ಮಡಕಶಿರದ ಡಾಕ್ಟರಿಗೆ ತೋರಿಸಿದೆ. ಪಾದ ಮರಗಟ್ಟುತ್ತಿದೆ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇಲ್ಲವಾದರೆ ಕಾಲು ಕೈಬಿಟ್ಟು ಹೋದೀತು ಎಂದರು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಆಗಲಿ, ಮೊದಲು ನಿನ್ನ ಪಕ್ಕದ ಮನೆಯ ಎದುರುಗಾಲಿನವಳ ಹತ್ತಿರ ಹೋಗೋಣ ಎಂದಳು. ಅವರ ವಿಷಯ ನಾನೇ ಎಂದೋ ಮಾತಿಗೆ ಹೇಳಿದ್ದೆ. ರೇಷ್ಮೆ ಸಾಕುವ ನನ್ನ ಸೋದರಮಾವನೂ ಅಮ್ಮನ ಪಕ್ಷ. ಅವನ ಸೊಂಟವನ್ನು ಪಾವಗಡದ ಒಬ್ಬ ಎದುರುಗಾಲಿನ ಮುದುಕ ಬಿಡಿಸಿದ್ದನಂತೆ. ಮೊದಲು ಕಾಲು, ಆಮೇಲೆ ಬೇಕಾದರೆ ಆಸ್ಪತ್ರೆ ಎಂದು ಅವನು ತೀರ್ಮಾನ ಕೊಟ್ಟ. ಆ ‘ಬೇಕಾದರೆ’ ನನಗೆ ಗೊತ್ತಿತ್ತು. ಕಾಲು ತಾಗಿದ ಕೂಡಲೇ ಅಮ್ಮ ಹಗುರಾಯಿತು ಎನ್ನುತ್ತಾಳೆ. ಮಾವ ಅವಳನ್ನು ಮುಂದಿನ ಬಸ್ಸಿಗೆ ಊರಿಗೆ ಕರೆದೊಯ್ಯುತ್ತಾನೆ. ಆಮೇಲೆ ಅವಳ ಕಾಲು ಅವಳದಾಗಿ ಉಳಿಯುವುದಿಲ್ಲ.

ಅಮ್ಮ, ಮಾವ ಇಬ್ಬರೂ ಭಾನುವಾರ ಬರುವುದೆಂದು ತೀರ್ಮಾನವಾಯಿತು. ನಾನು ಮುಂಚೆಯೇ ರಾಯದುರ್ಗಕ್ಕೆ ಬಂದು, ಶನಿವಾರ ಸಂಜೆ ಎದುರುಗಾಲಕ್ಕ ಕೆಲಸದಿಂದ ಬರುವುದನ್ನೇ ಕಾದು ಹೋಗಿ ಕೇಳಿಕೊಂಡೆ. ಚಪ್ಪಲಿಯ ವಿಷಯವನ್ನೂ ಹೇಳಿದೆ. ಅಮ್ಮನಿಗೆ ಕಾಲು ತಾಗಿಸಬೇಡಿ, ಇದು ಕಾಲು ತಾಗಿಸಿದರೆ ಹೋಗುವ ನೋವಲ್ಲ ಎಂದು ನೀವೇ ಹೇಳಿ, ನಿಮ್ಮ ಮಾತಾದರೆ ಕೇಳುತ್ತಾಳೆ ಎಂದೆ. ನಾನು ಅವರ ಹತ್ತಿರ ಅಷ್ಟು ಮಾತಾಡಿದ್ದು ಅದೇ ಮೊದಲು. ಅವರು ಸೆರಗಿಗೆ ಅಂಗೈ ಒರೆಸಿಕೊಳ್ಳತೊಡಗಿದರು. ಮುಟ್ಟಲು ಅಲ್ಲಿ ಯಾರೂ ಇರಲಿಲ್ಲ.

‘ಒಲ್ಲೆ ಅನ್ನಾಕ ಬರಂಗಿಲ್ರಿ ಮೇಡಮ್ಮ. ಬೆಂಗ್ಳೂರಾಗ ನನ್ನ ಮಗಳದಾಳ’ ಎಂದರು. ಅಷ್ಟು ಹೇಳಿ ಒಳಗೆ ಹೋದರು.

ಅವರಿಗೆ ಬೇರೆ ದಾರಿ ಇತ್ತೆಂದು ಆಗ ನನಗೆ ತಿಳಿದಿರಲಿಲ್ಲ. ಆ ದಾರಿ ಎಷ್ಟು ಕಷ್ಟದ್ದೆಂದೂ ತಿಳಿದಿರಲಿಲ್ಲ. ಕಾಲು ಇಡುತ್ತಾರೆ, ಅಷ್ಟೇ ಎಂದುಕೊಂಡೆ.

ಪಾವಗಡ, ಕಲ್ಯಾಣದುರ್ಗ ಬಸ್ಸು ಬದಲಿಸಿ ಅಮ್ಮ, ಮಾವ ಬಂದು ಇಳಿಯುವಾಗ ಮಧ್ಯಾಹ್ನವಾಗಿತ್ತು. ಅಮ್ಮ ನನ್ನ ಹೆಗಲ ಮೇಲೆ ಒಂದು ಕೈ, ಮಾವನ ಹೆಗಲ ಮೇಲೆ ಒಂದು ಕೈ ಹಾಕಿ ನಡೆದಳು. ಎಡಪಾದ ನೆಲಕ್ಕೆ ಪಟಪಟ ಬಡಿಯುತ್ತಿತ್ತು. ಮಣ್ಣಿಗೆ ಹೊಸ ಚಪ್ಪಲಿ ಬಡಿಯುವ ಆ ಸದ್ದು ನನಗೆ ಓಣಿಯುದ್ದಕ್ಕೂ ಕೇಳಿಸಿತು. ಯೂನಿಟ್ಟುಗಳಿಗೆ ರಜೆ. ಹೆಂಗಸರು ಕಟ್ಟೆಗಳ ಮೇಲೆ ತಲೆ ಬಾಚಿಕೊಳ್ಳುತ್ತಾ ಕೂತಿದ್ದವರು ಮೇಡಮ್ಮನ ತಾಯಿಯನ್ನು ನೋಡಲು ಎದ್ದು ಬಂದರು. ಗಂಗಮ್ಮ ಚಾಪೆ ಹಾಸಿದಳು. ಮಾವ ಎಲೆ ಅಡಿಕೆಯನ್ನು ಹೊಸ್ತಿಲ ಮೇಲಿಟ್ಟು ಕೈ ಮುಗಿದ. ಅಮ್ಮ ಹಲ್ಲು ಕಚ್ಚಿಕೊಂಡು ಬೋರಲು ಮಲಗಿದಳು.

ಅವರು ಬಂದು ಗೋಡೆ ಹಿಡಿದು ನಿಂತರು. ಎಡಗಾಲು ಎತ್ತಿದರು. ನಾನು ನೆಲ ನೋಡುತ್ತಾ ನಿಂತಿದ್ದೆ. ಬಹಳ ಹೊತ್ತು ಏನೂ ಆಗದ್ದರಿಂದ ತಲೆಯೆತ್ತಿದೆ. ಕಾಲು ಅಮ್ಮನ ಬೆನ್ನಿನ ಮೇಲೆ ಗಾಳಿಯಲ್ಲೇ ಇತ್ತು. ಅವರು ಅದನ್ನು ಕೆಳಗೆ, ನೆಲಕ್ಕೆ ಇಟ್ಟರು.

‘ನಾನು ಇಡಂಗಿಲ್ರಿ’ ಎಂದರು.

ಮಾವ ಮೊದಲು ಅರ್ಥವಾಗದವನಂತೆ ನೋಡಿದ. ‘ಯಾಕಮ್ಮಾ? ಒಲ್ಲೆ ಅನ್ನಂಗಿಲ್ಲ ಅಂತ ನಿಂಗೆ ಗೊತ್ತಿಲ್ವಾ?’

‘ಎದುರುಗಾಲಿನವ್ರು ಅನ್ನಂಗಿಲ್ರಿ.’ ಅವರು ಗೋಡೆ ಬಿಟ್ಟಿರಲಿಲ್ಲ. ‘ನಾನು ಎದುರುಗಾಲಿನಾಕಿ ಅಲ್ರಿ. ನಮ್ಮಕ್ಕ.’

ಅವರು ಗೋಡೆಗೇ ಹೇಳುವವರಂತೆ ಹೇಳಿದ್ದು ಇಷ್ಟು. ಎದುರುಗಾಲಿನಲ್ಲಿ ಹುಟ್ಟಿದವಳು ಅವರ ಅಕ್ಕ. ಆ ಹುಡುಗಿ ಜ್ವರ ಬಂದು ಸತ್ತುಹೋದಳು. ಅದು ದೂರದ ಹಳ್ಳಿಗಳಿಗೆ ತಿಳಿದಿರಲಿಲ್ಲ. ಇನ್ನೂ ಸೂತಕ ಕಳೆಯುವ ಮೊದಲೇ ಯಾರೋ ಒಬ್ಬನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಬಂದ ನೋವಿಗೆ ಇಲ್ಲವೆಂದರೆ ಉಳಿದ ಮಗುವಿಗೂ ಕೇಡಾದೀತೆಂದು ಅವರ ತಾಯಿಗೆ ಹೆದರಿಕೆ. ಮೂಲೆಯಲ್ಲಿ ಕೂತಿದ್ದ ಚಿಕ್ಕವಳನ್ನು ರಟ್ಟೆ ಹಿಡಿದು ಎಬ್ಬಿಸಿ, ನೀನೇ ಇಡು, ಸುಮ್ಮನಿರು ಎಂದಳು. ಚಿಕ್ಕವಳು ಇಟ್ಟಳು. ಆ ಮನುಷ್ಯ ಎದ್ದು ನಡೆದುಕೊಂಡು ಹೋದ.

‘ಅಂವ ಏಳದಿದ್ರ ಅವತ್ತಿಗೇ ಮುಗೀತಿತ್ತು’ ಎಂದರು ಅವರು.

ಮೊದಲು ಕೇಳಿದವಳು ಗಂಗಮ್ಮ. ‘ಮತ್ತ ನನ್ನ ಸೊಂಟ ಹೆಂಗ ಬಿಡ್ತು?’

‘ನನಗ ಗೊತ್ತಿಲ್ಲವ್ವ. ಅದಕ್ಕ ನನಗ ಹೆದ್ರಿಕಿ.’

ಕಾಲಿನ ಮೇಲೆ ನಂಬಿಕೆ ಇಲ್ಲದೆ, ಬಂದವರು ಬರಿಗೈಯಲ್ಲಿ ಹೋಗಬಾರದೆಂದು ಕೂರಿಸಿಕೊಂಡು ಕೈಯಾಡಿಸುತ್ತಿದ್ದೆ ಎಂದೂ ಹೇಳಿದರು. ಆ ಮಾತು ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ. ಮಾವ ಎಲೆ ಅಡಿಕೆಯನ್ನು ವಾಪಸು ತೆಗೆದುಕೊಂಡ. ಸುಳ್ಳು ಕಾಲಿಗಾಗಿ ಮೂರು ಬಸ್ಸು ಹತ್ತಿಸಿ ಇಳಿಸಿದೆಯಲ್ಲ ಎಂದು ನನ್ನ ಮೇಲೆ ಹರಿಹಾಯ್ದ. ಅಮ್ಮ ಚಾಪೆಯ ಮೇಲೆ ಮುಖವಿಟ್ಟುಕೊಂಡೇ ಇದ್ದಳು. ಅವಳ ಹೆಗಲು ಅಲುಗುತ್ತಿತ್ತು. ಆಮೇಲೆ ಮುಖ ಎತ್ತದೆಯೇ ಮಾತಾಡಿದಳು.

‘ಇನ್ನೇನು ಉಳೀತು. ನಡೀಮ್ಮ, ಎಲ್ಲಿಗೆ ಕರ್ಕಂಡೋಗ್ತೀಯೋ ಕರ್ಕಂಡೋಗು.’

ಬಳ್ಳಾರಿಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆ ದಿನಗಳ ಬಗ್ಗೆ ನಾನು ಬರೆಯಲಾರೆ. ಆಪರೇಷನ್ ಕೋಣೆಯ ಬಾಗಿಲಿನ ಹಸಿರು ಪರದೆ ಕಂಡರೆ ಈಗಲೂ ಮುಖ ತಿರುಗಿಸುತ್ತೇನೆ. ಅಮ್ಮ ಎದ್ದು ನಿಂತಳು, ಗೋಡೆ ಹಿಡಿದು ನಡೆದಳು. ಎಡಪಾದ ಮಾತ್ರ ಪೂರ್ತಿ ಹಿಂದಿರುಗಲಿಲ್ಲ. ಬರಬಹುದು, ಬಾರದಿರಬಹುದು, ತಿಂಗಳುಗಳು ಹಿಡಿಯುತ್ತವೆ ಎಂದರು ಡಾಕ್ಟರು. ಮೂರು ಬಸ್ಸುಗಳ ದಾರಿ ಅವಳಿಗೆ ಆಗದೆಂದು ನನ್ನ ಕೋಣೆಯಲ್ಲೇ ಇರಿಸಿಕೊಂಡೆ.

ಗೋಡೆಯ ಆಚೆ ಬೇರೆಯೇ ಗಲಾಟೆ ನಡೆದಿತ್ತು. ಓಣಿಯ ಹೆಂಗಸರಿಗೆ ಹೋದ ನೋವುಗಳೆಲ್ಲ ವಾಪಸು ಬರತೊಡಗಿದ್ದವು. ಕಾಲು ಸುಳ್ಳಾದ ಮೇಲೆ ಗುಣವೂ ಸುಳ್ಳಾಯಿತಂತೆ. ಎಂದೋ ಇಳಿದ ಉಳುಕುಗಳು ಭಾನುವಾರದ ಮಾತು ಕೇಳಿ ಸೋಮವಾರವೇ ಬಂದು ಕೂತವು. ಒಬ್ಬಳು ಕತ್ತು ಸೊಟ್ಟ ಮಾಡಿಕೊಂಡು ಬಂದಳು, ಇನ್ನೊಬ್ಬಳು ಮಿಷನ್ ತುಳಿಯಲಾರೆ ಎಂದು ಬಂದು ಬಾಗಿಲಲ್ಲಿ ನಿಂತು ಬೈದಳು. ಬರೀ ನಾಟಕವೂ ಅಲ್ಲ ಅದು. ಗಂಗಮ್ಮ ಬಗ್ಗಲಾಗದೆ ನಿಜಕ್ಕೂ ಅಳುತ್ತಿದ್ದುದನ್ನು ನಾನೇ ಕಂಡೆ. ‘ನಿನ್ನ ನಂಬಿ ಬೆನ್ನು ಕೊಟ್ಟೆನಲ್ಲ ಎಕ್ಕಾ’ ಎನ್ನುತ್ತಿದ್ದಳು. ಗೋಡೆಗೆ ಕಿವಿಯಾಗಿ ಮಲಗಿದ್ದ ಅಮ್ಮ ಇದನ್ನೆಲ್ಲ ಕೇಳಿ ನನ್ನ ಕಡೆ ತಿರುಗಿ, ‘ಹೋದ್ ನೋವು ವಾಪಸ್ ಬರಾಕೆ ಬಸ್ ಚಾರ್ಜು ಯಾರು ಕೊಟ್ರಂತೆ?’ ಎಂದು ಕೇಳಿದಳು. ಆಸ್ಪತ್ರೆಯಿಂದ ಬಂದ ಮೇಲೆ ನಾನು ನಕ್ಕಿದ್ದು ಅವತ್ತು.

ಬೈದವರಿಗೆಲ್ಲ ಅವರು ಹೇಳುತ್ತಿದ್ದದ್ದು ‘ಬರ್ರಿ, ಕೂಡ್ರಿ’ ಎಂದು ಮಾತ್ರ. ಕೆಲವರು ಉಗುಳಿ ಹೋದರು. ಕೆಲವರು ಹೋಗಲು ಬೇರೆ ಜಾಗವಿಲ್ಲದ್ದರಿಂದ ಕೂತರು. ಅವರು ಒಂದೊಂದೇ ಬೆನ್ನನ್ನು ಮತ್ತೆ ಮೊದಲಿನಿಂದ, ಬರೀ ಕೈಯಿಂದ, ನೋಡತೊಡಗಿದರು. ಕೆಲವರದು ಇಳಿಯಿತು, ಕೆಲವರದು ಇಳಿಯಲಿಲ್ಲ. ಇಳಿಯದಿದ್ದವರಿಗೆ ಇಳಿದಿಲ್ಲ, ಡಾಕ್ಟರಿಗೆ ತೋರಿಸಿ ಎಂದು ಹೇಳುವುದನ್ನು ಅವರು ಕಲಿತದ್ದು ಆಗ. ಹೇಳುವಾಗ ಅವರ ಕಣ್ಣಲ್ಲಿ ಕಾಣುತ್ತಿದ್ದ ಭಯವನ್ನು ನೋಡಲು ನನಗೇ ಆಗುತ್ತಿರಲಿಲ್ಲ.

ಆದರೆ ನಮ್ಮ ಬಾಗಿಲಿಗೆ ಅವರು ಬರಲಿಲ್ಲ. ಬೆಳಕು ಹರಿಯುವಷ್ಟರಲ್ಲಿ ಕೆಲಸಕ್ಕೆ ಹೊರಟುಬಿಡುತ್ತಿದ್ದರು, ಬರುವಾಗ ಹಿತ್ತಿಲ ಕಡೆಯಿಂದ ಬರುತ್ತಿದ್ದರು. ಅಮ್ಮನ ಪಾದದ ಸದ್ದು ಅಂಗಳದಲ್ಲಿ ಕೇಳಿದರೆ ಆಚೆ ಕಡೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ತಾವು ಎದುರುಗಾಲಿನವರಲ್ಲವೆಂದು ಬಾಯಿಬಿಟ್ಟು ಹೇಳಿದ್ದರೂ, ಒಲ್ಲೆ ಎಂದದ್ದು ಎಲ್ಲೋ ಲೆಕ್ಕಕ್ಕೆ ಬಂದಿರಬಹುದೆಂದು ಅವರಿಗೆ ಅನುಮಾನ. ದಿನಕ್ಕೆ ಎರಡು ಸಲ ಮಗಳಿಗೆ ಫೋನು ಮಾಡಿ, ಬೆನ್ನು ಹೇಗಿದೆ, ಕಾಲು ಹೇಗಿದೆ ಎಂದು ಕೇಳುತ್ತಿದ್ದುದು ನನಗೆ ಗೋಡೆಯಿಂದ ಕೇಳಿಸುತ್ತಿತ್ತು. ಅಮ್ಮನ ಕಾಲು ಸರಿಹೋಗಿಲ್ಲವೆಂದು ಗಂಗಮ್ಮನಿಂದ ಅವರಿಗೆ ತಿಳಿದಿತ್ತು. ಉಳಿದ ಆ ನೋವು ಯಾರದು, ಎಲ್ಲಿ ಕೂತಿದೆ ಎಂದು ಅವರು ಹುಡುಕುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಅಮ್ಮ ನನ್ನನ್ನು ಕರೆದು, ಪಕ್ಕದ ಮನೆಗೆ ಕರೆದುಕೊಂಡು ಹೋಗು ಎಂದಳು. ಹಿತ್ತಿಲ ದಾರಿಯಿಂದಲೇ ಹೋದೆವು. ಅವರು ಪಾತ್ರೆ ತಿಕ್ಕುತ್ತಿದ್ದವರು ಅಮ್ಮನನ್ನು ಕಂಡು ಎದ್ದು ನಿಂತರು. ಹಿಂದಕ್ಕೆ ಹೋಗಲು ಗೋಡೆ ಅಡ್ಡ ಬಂತು. ಅಮ್ಮ ಒಗೆಯುವ ಕಲ್ಲಿನ ಮೇಲೆ ಕೂತಳು. ಎಡಗಾಲನ್ನು ಎರಡೂ ಕೈಗಳಿಂದ ಎತ್ತಿ ಮುಂದಕ್ಕೆ ಚಾಚಿದಳು.

‘ಹೆಬ್ಬೆಟ್ಟು ಇನ್ನೂ ಗೊತ್ತಾಗಲ್ಲ ಕಣಕ್ಕಾ. ಒಂದೀಟು ಹಿಡ್ಕ.’

ಅವರು ಅಲುಗಲಿಲ್ಲ. ‘ಗುಣ ಆಗ್ತದಂತ ನಾ ಹೇಳಂಗಿಲ್ರಿ ತಾಯಿ’ ಎಂದರು.

‘ನಾನ್ ಕೇಳಿದ್ನಾ?’ ಎಂದಳು ಅಮ್ಮ.

ಅವರು ತಿರುಗಿ ಒಮ್ಮೆ ನನ್ನನ್ನು ನೋಡಿದರು. ಕೈ ತೊಳೆದುಕೊಂಡು ಬಂದು ನೆಲದ ಮೇಲೆ ಕೂತು, ಅಮ್ಮನ ಪಾದವನ್ನು ಮಡಿಲಲ್ಲಿಟ್ಟುಕೊಂಡರು. ಹಿಮ್ಮಡಿಯ ಕೆಳಗೆ ಒಂದು ಅಂಗೈ, ಮೇಲೆ ಒಂದು ಅಂಗೈ. ಬೆರಳುಗಳನ್ನು ಒಂದೊಂದಾಗಿ ಹಿಡಿದರು, ಬಿಟ್ಟರು. ಎಲ್ಲಿ ಗೊತ್ತಾಗುತ್ತದೆ, ಎಲ್ಲಿ ಗೊತ್ತಾಗುವುದಿಲ್ಲ ಎಂದು ಅಮ್ಮ ಹೇಳುತ್ತಾ ಹೋದಳು. ಈ ಸಲ ಸುಳ್ಳು ಹೇಳಲಿಲ್ಲ. ಗೊತ್ತಾಗದ ಕಡೆ ಅವರ ಕೈ ಇನ್ನೂ ನಿಧಾನವಾಯಿತು. ಸ್ವಲ್ಪ ಹೊತ್ತಿಗೆ ಅಮ್ಮನ ಮಾತು ನಿಂತಿತು. ಹಿಂದಿನ ಗೋಡೆಗೆ ತಲೆಯಾನಿಸಿ, ಬಾಯಿ ಅರೆ ತೆರೆದು, ಅವಳು ನಿದ್ದೆ ಹೋಗಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ನೋವಿನ ಮಾತ್ರೆಯಿಲ್ಲದೆ ಅವಳು ಮಲಗಿದ್ದನ್ನು ನಾನು ಕಂಡಿರಲಿಲ್ಲ.

ಬಿಸಿಲು ಜರುಗಿ ಅವರ ಮುಖಕ್ಕೇ ಬಿತ್ತು. ನಾನು ಎದ್ದು ಅಡ್ಡ ಹಿಡಿಯಲು ಏನಾದರೂ ಹುಡುಕುವವಳಿದ್ದೆ. ಅವರು ಬೇಡವೆಂದು ಕಣ್ಣಲ್ಲೇ ತಡೆದರು. ಅಲುಗಿದರೆ ಅಮ್ಮನಿಗೆ ಎಚ್ಚರವಾದೀತೆಂದು ಅವರಿಗೆ ಹೆದರಿಕೆ. ನಾನು ಹಾಗೆಯೇ ಕೂತೆ. ಅವರು ಕಣ್ಣು ಕಿರಿದು ಮಾಡಿಕೊಂಡು, ಉಸಿರು ಕೂಡ ಮೆಲ್ಲಗೆ ಬಿಡುತ್ತಾ, ಆ ಪಾದವನ್ನು ಹಿಡಿದೇ ಇದ್ದರು.